ದೇವರು ಕಣ್ಣೆದುರೇ ಇರುವ ಲೋಕದಲ್ಲಿ ನಿರೀಶ್ವರವಾದಿಗೆ ಜಾಗವೆಲ್ಲಿ?

ಕನ್ನಡದಲ್ಲಿ ಪಾತ್ರಾಭಿನಯದ ಆಟಗಳನ್ನು ನಡೆಸುತ್ತಿರುವ ಮತ್ತು ಅವುಗಳಿಗಾಗಿ ಹೊಸ ಲೋಕಗಳನ್ನು ಕಲ್ಪಿಸುತ್ತಿರುವ ಗೇಮ್ ಮಾಸ್ಟರ್ ಬಳಗಕ್ಕೆ ಒಂದು ಬಹಿರಂಗ ಪತ್ರ



ಹೊಸ ಆಟಕ್ಕೆ ಲೋಕವೊಂದನ್ನು ಕಟ್ಟಲು ಕುಳಿತಾಗ ನಕ್ಷೆ, ರಾಜವಂಶ ಮತ್ತು ಭಾಷೆಗಳ ಜೊತೆಗೆ ದೇವತೆಗಳ ಪಟ್ಟಿಯೊಂದು ತಯಾರಾಗುವುದು ಈ ಬಳಗದಲ್ಲಿ ರೂಢಿಯಾಗಿದೆ. ಯುದ್ಧಕ್ಕೊಬ್ಬ, ಬೆಳೆಗೊಬ್ಬಳು, ಸಾವಿಗೊಬ್ಬ ಎಂದು ಖಾತೆ ಹಂಚಿಕೆಯಾಗುತ್ತದೆ. ಆದರೆ ಆ ಲೋಕದಲ್ಲಿ ಯಾವ ದೇವತೆಗೂ ಕೈಮುಗಿಯದ ಮನುಷ್ಯ ಏನನ್ನು ನಂಬುತ್ತಾನೆ, ಯಾಕೆ ಹಾಗೆ ಬದುಕುತ್ತಾನೆ ಎಂಬ ಪ್ರಶ್ನೆ ಬಹುಪಾಲು ಕೇಳದೆಯೇ ಉಳಿಯುತ್ತದೆ, ಕೇಳಿದರೂ ಅಂಥವನು ಕಣ್ಣೆದುರಿನ ಸತ್ಯವನ್ನು ಒಪ್ಪದ ಮೊಂಡ ಎಂಬ ಉತ್ತರದೊಂದಿಗೆ ಮುಗಿದುಹೋಗುತ್ತದೆ. ದೇವತೆಗಳ ಅಸ್ತಿತ್ವವು ನಿಸ್ಸಂದೇಹವಾಗಿರುವ ಲೋಕದಲ್ಲೂ ನಿರೀಶ್ವರವಾದವು ವಿವೇಕಯುತವಾದ ನಿಲುವಾಗಿರಬಲ್ಲದು, ಅದಕ್ಕೆ ಜಾಗ ಕೊಡದ ಲೋಕದಲ್ಲಿ ಭಕ್ತಿಯೂ ಸೊರಗುತ್ತದೆ ಎಂಬುದು ಈ ಪತ್ರದ ವಾದ.

ಪಾತ್ರಾಭಿನಯದ ಆಟವೆಂದರೆ ಕೆಲವರು ಒಂದು ಮೇಜಿನ ಸುತ್ತ ಕುಳಿತು, ತಲಾ ಒಂದು ಪಾತ್ರವನ್ನು ವಹಿಸಿಕೊಂಡು, ಮಾತಿನಲ್ಲೇ ಕಥೆಯೊಂದನ್ನು ಮುಂದುವರಿಸುವ ಆಟ. ಉಳಿದ ಇಡೀ ಲೋಕವನ್ನು ಗೇಮ್ ಮಾಸ್ಟರ್ ನಡೆಸುತ್ತಾರೆ, ಫಲಿತಾಂಶ ಅನಿಶ್ಚಿತವಾದಲ್ಲಿ ದಾಳ ತೀರ್ಮಾನಿಸುತ್ತದೆ. ಈ ಪ್ರಕಾರದ ಮೊದಲ ಪ್ರಕಟಿತ ಆಟವಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರಿಂದ ಅಮೆರಿಕದಲ್ಲಿ ಹೊರಬಂತು. ಅದರಲ್ಲಿ ಕ್ಲೆರಿಕ್ ಎಂಬ ಪಾತ್ರವರ್ಗವಿದೆ. ಕವಚ ತೊಟ್ಟು, ಗದೆ ಹಿಡಿದು, ಮಂತ್ರದಿಂದ ಗಾಯ ಮಾಯಿಸುವ ಮತ್ತು ಪ್ರೇತಗಳನ್ನು ಓಡಿಸುವ ಅರ್ಚಕ ಯೋಧನೇ ಕ್ಲೆರಿಕ್. ಆರ್ನೆಸನ್ ನಡೆಸುತ್ತಿದ್ದ ಬ್ಲ್ಯಾಕ್‌ಮೂರ್ ಆಟದಲ್ಲಿ ರಕ್ತಪಿಶಾಚಿಯ ಪಾತ್ರ ವಹಿಸಿದ್ದ ಆಟಗಾರನೊಬ್ಬ ಹಿಡಿತಕ್ಕೆ ಸಿಗದಷ್ಟು ಬಲಿಷ್ಠನಾದಾಗ ಅವನಿಗೆ ಪ್ರತಿಯಾಗಿ ಈ ವರ್ಗವನ್ನು ರೂಪಿಸಲಾಯಿತು. ಹೀಗೆ ಆಟದೊಳಗೆ ಅರ್ಚಕ ಮೊದಲು ಬಂದ, ಅವನು ಪೂಜಿಸುವ ದೇವರು ಆಮೇಲೆ ಬಂದ. ಧರ್ಮಚಿಂತನೆಗೆ ಯಾವ ಪಾಲೂ ಇಲ್ಲದೆ, ಆಟದ ಸಮತೋಲನದ ಅಗತ್ಯವೊಂದರಿಂದಲೇ ಈ ಲೋಕಗಳ ಧರ್ಮ ಹುಟ್ಟಿಕೊಂಡಿತು.

ದೇವತೆಗಳು ನಿಯಮದ ರೂಪದಲ್ಲಿ ಬಂದದ್ದು 1976ರ ಪೂರಕ ಪುಸ್ತಕದಲ್ಲಿ, ಆಮೇಲೆ ವಿಸ್ತಾರವಾಗಿ 1980ರ ‘ಡೀಟೀಸ್ ಅಂಡ್ ಡೆಮಿಗಾಡ್ಸ್’ ಎಂಬ ಗ್ರಂಥದಲ್ಲಿ. ಎರಡನ್ನೂ ಸಿದ್ಧಪಡಿಸಿದವರು ಜೇಮ್ಸ್ ವಾರ್ಡ್ ಮತ್ತು ರಾಬರ್ಟ್ ಕುಂಟ್ಸ್. ಅಲ್ಲಿ ಪ್ರತಿಯೊಬ್ಬ ದೇವತೆಗೂ ಹಿಟ್ ಪಾಯಿಂಟ್, ಅಂದರೆ ಎಷ್ಟು ಪೆಟ್ಟು ತಿಂದರೆ ಸಾವು ಎಂದು ಹೇಳುವ ಅಂಕಿ, ನಿಗದಿಯಾಯಿತು. ಗ್ರೀಕರ ಜ್ಯೂಸ್, ಉತ್ತರ ಯುರೋಪಿನ ಓಡಿನ್ ಮುಂತಾದವರ ಸಾಲಿನಲ್ಲೇ ಇಂದ್ರ, ಅಗ್ನಿ, ಕಾಳಿಯರಿಗೂ ಅಂಕಿಗಳು ಬಂದವು; ಬೈಬಲ್ಲಿನ ದೇವರಿಗೆ ಮಾತ್ರ ಅಂಥ ಪುಟ ತೆರೆಯಲಿಲ್ಲ. ಕೋಟ್ಯಂತರ ಜನ ಇಂದಿಗೂ ಪೂಜಿಸುವ ದೇವತೆಗಳನ್ನು ಅಳಿದುಹೋದ ಪುರಾಣಗಳ ಜೊತೆ ಒಂದೇ ಕಟ್ಟಿಗೆ ಹಾಕಿದ್ದು ಒಂದು ದೋಷವಾದರೆ, ಅಷ್ಟೇ ದೂರಗಾಮಿಯಾದ ಇನ್ನೊಂದು ಪರಿಣಾಮವೂ ಇದೆ. ಅಂಕಿ ಪಡೆದ ಕ್ಷಣವೇ ದೇವರು ಪ್ರಾಣಿವರ್ಗವೊಂದರ ಸದಸ್ಯನಾಗುತ್ತಾನೆ: ಡ್ರ್ಯಾಗನ್‌ಗಿಂತ ದೊಡ್ಡವನು, ಅಷ್ಟೇ. ದೊಡ್ಡ ಡ್ರ್ಯಾಗನ್ನಿಗೆ ಯಾರೂ ಆರತಿ ಎತ್ತುವುದಿಲ್ಲ ಎಂದಮೇಲೆ ಅದಕ್ಕಿಂತ ದೊಡ್ಡದಾದ ಮತ್ತೊಂದಕ್ಕೆ ಯಾಕೆ ಎತ್ತಬೇಕು ಎಂಬ ಪ್ರಶ್ನೆಯನ್ನು ಆ ಪುಸ್ತಕವೇ ಹುಟ್ಟುಹಾಕಿತು, ಉತ್ತರವನ್ನು ಮಾತ್ರ ಕೊಡಲಿಲ್ಲ.

ನಿಯಮಗಳನ್ನು ಹತ್ತಿರದಿಂದ ನೋಡಿದರೆ ಈ ಪ್ರಶ್ನೆ ಇನ್ನಷ್ಟು ಮೊನಚಾಗುತ್ತದೆ. ಅದೇ ಆಟದ 2014ರ ಆವೃತ್ತಿಯಲ್ಲಿ ಗಾಯ ಮಾಯಿಸುವ ಪ್ರಾಥಮಿಕ ಮಂತ್ರವನ್ನು ಪ್ರಯೋಗಿಸಲು ಕ್ಲೆರಿಕ್ ಗಾಯಾಳುವನ್ನು ಮುಟ್ಟುತ್ತಾನೆ, ಎಂಟು ಮುಖದ ದಾಳ ಉರುಳುತ್ತದೆ, ಬಂದ ಸಂಖ್ಯೆಗೆ ಅವನ ಸಾಮರ್ಥ್ಯದ ಅಂಕ ಸೇರಿ ಅಷ್ಟು ಪ್ರಾಣಶಕ್ತಿ ಮರಳುತ್ತದೆ. ನೋಡುತ್ತ ನಿಂತ ಹಳ್ಳಿಯವರಿಗೆ ಇದು ದೇವರ ಕೃಪೆಗೆ ಸಾಕ್ಷಿಯೆಂದು ಕಾಣಬಹುದು. ಆದರೆ ಅದೇ ಮಂತ್ರವನ್ನು ಯಾವ ದೇವರನ್ನೂ ನೆನೆಯದ ಬಾರ್ಡ್, ಅಂದರೆ ಹಾಡುಗಾರ ಮಾಂತ್ರಿಕ, ಅದೇ ದಾಳದಿಂದ ಅಷ್ಟೇ ಫಲದೊಂದಿಗೆ ಪ್ರಯೋಗಿಸುತ್ತಾನೆ. ಎರಡನ್ನೂ ಕಂಡ ಆ ಹಳ್ಳಿಯ ವಿಚಾರವಂತನೊಬ್ಬನು ಗಾಯ ವಾಸಿಯಾದದ್ದನ್ನು ಒಪ್ಪಿ, ಅದರಿಂದ ದೇವರ ಮಹಿಮೆ ಸಾಬೀತಾಯಿತೆಂಬುದನ್ನು ಒಪ್ಪದಿದ್ದರೆ ಅವನನ್ನು ಮೊಂಡನೆನ್ನಲು ಬರುವುದಿಲ್ಲ. ಇನ್ನು ಹತ್ತನೆಯ ಹಂತ ತಲುಪಿದ ಕ್ಲೆರಿಕ್ ನೇರವಾಗಿ ದೇವರ ನೆರವನ್ನೇ ಬೇಡಬಹುದು. ಆಗ ನೂರರ ದಾಳವನ್ನು ಉರುಳಿಸಿ ತನ್ನ ಹಂತದ ಸಂಖ್ಯೆಗಿಂತ ಹೆಚ್ಚು ಬೀಳದಿದ್ದರೆ ಮಾತ್ರ ಮೊರೆ ಫಲಿಸುತ್ತದೆ. ನೂರಕ್ಕೆ ಹತ್ತು ಸಲ ಓಗೊಟ್ಟು ತೊಂಬತ್ತು ಸಲ ಸುಮ್ಮನಿರುವ ದೇವರೊಂದಿಗೆ ಬಾಳುವುದು ಹೇಗೆಂಬುದನ್ನು ಆಲೋಚಿಸಿದಾಗಲೇ ಆ ಅರ್ಚಕನ ಶ್ರದ್ಧೆಗೆ ಒಂದು ಒಳಬದುಕು ಬರುತ್ತದೆ. ಅಚ್ಚರಿಯೆಂದರೆ, ಇಡೀ ನಿಯಮಪುಸ್ತಕದಲ್ಲಿ ಭಕ್ತಿಯು ಭಕ್ತಿಯಂತೆ ಕಾಣುವ ಜಾಗ ಅನಿಶ್ಚಯಕ್ಕೆ ಎಡೆಯಿರುವ ಈ ಒಂದೇ ನಿಯಮ.

ಇಲ್ಲಿ ಒಂದಕ್ಕೊಂದು ಬೆಸೆದುಕೊಂಡಿರುವ ಮೂರು ಪ್ರಶ್ನೆಗಳನ್ನು ಬಿಡಿಸಿ ನೋಡಬೇಕಾಗುತ್ತದೆ. ದೇವತೆ ಎಂಬ ಶಕ್ತಿವಂತ ಜೀವಿ ಇದೆಯೇ ಎಂಬುದು ಮೊದಲನೆಯದು. ಆ ಜೀವಿ ತಾನು ಹೇಳಿಕೊಳ್ಳುವಂತೆ ಸೃಷ್ಟಿಗೂ ನೀತಿಗೂ ಮೂಲವೇ ಎಂಬುದು ಎರಡನೆಯದು. ಅದು ಮನುಷ್ಯರ ಪೂಜೆಗೆ ಅರ್ಹವೇ ಎಂಬುದು ಮೂರನೆಯದು. ಕಲ್ಪಿತ ಲೋಕಗಳ ಬಹುಪಾಲು ಕರ್ತೃಗಳು ಮೊದಲನೆಯ ಪ್ರಶ್ನೆಗೆ ಹೌದು ಎಂದುತ್ತರಿಸಿ, ಉಳಿದೆರಡಕ್ಕೂ ಅಲ್ಲೇ ಉತ್ತರ ಸಿಕ್ಕಿತೆಂದು ಭಾವಿಸುತ್ತಾರೆ. ವಾಸ್ತವದಲ್ಲಿ ಮೊದಲನೆಯದು ಇತ್ಯರ್ಥವಾದ ಲೋಕದಲ್ಲೇ ಉಳಿದೆರಡು ಪ್ರಶ್ನೆಗಳು ಗಂಭೀರವಾಗುತ್ತವೆ, ಏಕೆಂದರೆ ಅಲ್ಲಿ ದೇವರ ನಡತೆ ಎಲ್ಲರ ಕಣ್ಣಿಗೂ ಬೀಳುತ್ತದೆ ಮತ್ತು ಕಣ್ಣಿಗೆ ಬಿದ್ದ ನಡತೆಯ ಬಗ್ಗೆ ತೀರ್ಪು ಸಾಧ್ಯ.

ಈ ಬೆರಕೆಯ ಅತ್ಯಂತ ಕಠೋರ ರೂಪವನ್ನು ಕೆನಡಾದ ಎಡ್ ಗ್ರೀನ್‌ವುಡ್ ಕಲ್ಪಿಸಿದ, 1987ರಿಂದ ಆಟದ ಲೋಕವಾಗಿ ಪ್ರಕಟವಾಗುತ್ತಿರುವ ಫರ್ಗಾಟನ್ ರೆಲ್ಮ್ಸ್‌ನಲ್ಲಿ ಕಾಣಬಹುದು. ಅಲ್ಲಿ ಸತ್ತವರ ಆತ್ಮಗಳು ಬೂದು ಬಯಲೊಂದರಲ್ಲಿ ಬಂದು ನಿಲ್ಲುತ್ತವೆ, ಆಯಾ ದೇವತೆಯ ದೂತರು ಬಂದು ತಮ್ಮ ಭಕ್ತರನ್ನು ಕರೆದೊಯ್ಯುತ್ತಾರೆ. ಯಾರೂ ಕರೆಯದೆ ಉಳಿದವರಲ್ಲಿ ತಮ್ಮ ದೇವರಿಗೆ ದ್ರೋಹ ಬಗೆದವರು ಒಂದು ಗುಂಪು, ಬದುಕಿರುವಾಗ ಯಾರನ್ನೂ ಪೂಜಿಸದವರು ಇನ್ನೊಂದು ಗುಂಪು. ಎರಡನೆಯ ಗುಂಪಿನವರನ್ನು ಮೃತರ ನಗರದ ಸುತ್ತಲಿನ ಗೋಡೆಯೊಳಗೆ ಇಟ್ಟಿಗೆಗಳಂತೆ ಹುದುಗಿಸಲಾಗುತ್ತದೆ. ಅಲ್ಲಿ ಅವರು ನಿಧಾನವಾಗಿ ಕರಗಿ ತಮ್ಮತನವನ್ನು ಕಳೆದುಕೊಳ್ಳುತ್ತಾರೆ. ಸತ್ತವನು ಊರಿಗೆ ಬಾವಿ ತೋಡಿಸಿದವನೋ, ಅನಾಥರನ್ನು ಸಾಕಿದವನೋ ಎಂದು ಯಾರೂ ಕೇಳುವುದಿಲ್ಲ. 2001ರ ನಿಯಮಗ್ರಂಥವು ಈ ವ್ಯವಸ್ಥೆಯನ್ನು ಸ್ಪಷ್ಟವಾಗಿ ವಿವರಿಸಿದ್ದರಿಂದ ಆಟಗಾರರು ಪಾತ್ರ ರೂಪಿಸುವಾಗಲೇ ಒಬ್ಬ ದೇವತೆಯನ್ನು ಆರಿಸಿಕೊಳ್ಳುವುದು ಕಡ್ಡಾಯವೆಂಬಂತಾಯಿತು.

ಗೋಡೆ ಯಾಕಿದೆ ಎಂಬುದಕ್ಕೆ ಆ ಲೋಕದ ಸಾಹಿತ್ಯವೇ ಕೊಡುವ ಕಾರಣ ಗಮನಾರ್ಹವಾದುದು. ಅಲ್ಲಿನ ದೇವತೆಗಳ ಬಲ ಭಕ್ತರ ಸಂಖ್ಯೆಯನ್ನು ಅವಲಂಬಿಸಿದೆ. ಟ್ರಾಯ್ ಡೆನಿಂಗ್ ಅವರ 1998ರ ಕಾದಂಬರಿಯಲ್ಲಿ, ಮನುಷ್ಯನಾಗಿ ಹುಟ್ಟಿ ಮೃತ್ಯುದೇವತೆಯ ಪಟ್ಟಕ್ಕೇರಿದ ಕೆಲೆಮ್‌ವೋರ್ ಸತ್ತವರನ್ನು ಅವರ ನಡತೆಯ ಆಧಾರದ ಮೇಲೆ ಕರುಣೆಯಿಂದ ವಿಚಾರಿಸತೊಡಗುತ್ತಾನೆ; ಒಳ್ಳೆಯವರಿಗೆ ಸಾವಿನ ಭಯ ಹೋಗುತ್ತದೆ, ಭಯ ಹೋದಲ್ಲಿ ಪೂಜೆ ಕುಗ್ಗುತ್ತದೆ, ಕಡೆಗೆ ಉಳಿದ ದೇವತೆಗಳ ಒತ್ತಡಕ್ಕೆ ಸಿಕ್ಕಿ ಅವನು ನಡತೆಯನ್ನು ಬಿಟ್ಟು ಭಕ್ತಿಯನ್ನೇ ಅಳತೆಗೋಲಾಗಿ ಮಾಡಿಕೊಳ್ಳುತ್ತಾನೆ. ಅಂದರೆ ಗೋಡೆಗೂ ನ್ಯಾಯಕ್ಕೂ ಸಂಬಂಧವಿಲ್ಲ. ಅದು ದೇವತೆಗಳ ವರಮಾನವನ್ನು ಕಾಯುವ ವ್ಯವಸ್ಥೆ. ಇಂಥ ಲೋಕದಲ್ಲಿ ಪೂಜೆಯನ್ನು ನಿರಾಕರಿಸುವವನು ಅಜ್ಞಾನಿಯಾಗಲಾರ. ವ್ಯವಸ್ಥೆಯ ಲೆಕ್ಕಪತ್ರವನ್ನು ಎಲ್ಲರಿಗಿಂತ ಚೆನ್ನಾಗಿ ಓದಿದವನು ಅವನೇ. ಆಬ್ಸಿಡಿಯನ್ ಸಂಸ್ಥೆ ರೂಪಿಸಿದ, 2007ರಲ್ಲಿ ಹೊರಬಂದ ‘ಮಾಸ್ಕ್ ಆಫ್ ದ ಬಿಟ್ರೇಯರ್’ ಎಂಬ ಕಂಪ್ಯೂಟರ್ ಆಟ ಈ ಸಂಗತಿಯನ್ನೇ ವಸ್ತುವಾಗಿ ಎತ್ತಿಕೊಂಡಿತು. ಅದರಲ್ಲಿ ಗೋಡೆಯ ವಿರುದ್ಧ ದಂಡೆತ್ತಿ ಹೋಗುವ ಕೇಲಿನ್ ನಾಸ್ತಿಕಳಲ್ಲ, ಹಿಂದೆ ಕೆಲೆಮ್‌ವೋರನದೇ ಸೇವೆಯಲ್ಲಿದ್ದ ಅರ್ಚಕಿ. ಅವಳ ಪ್ರತಿಭಟನೆ ಹುಟ್ಟುವುದು ಶ್ರದ್ಧೆಯೊಳಗಿನಿಂದಲೇ. ಆಟಗಾರ ಏನೇ ಮಾಡಿದರೂ ಆ ಗೋಡೆ ಬೀಳುವುದಿಲ್ಲ. ಆದರೂ ಅದರ ಮುಂದೆ ನಿಂತು ಪ್ರಶ್ನೆ ಕೇಳುವ ಅವಕಾಶ ಸಿಕ್ಕಿದ್ದರಿಂದಲೇ ಆ ಕಥೆಗೆ ತೂಕ ಬಂತು. ಮುಂದೆ 2015ರ ಪುಸ್ತಕವೊಂದರಲ್ಲಿದ್ದ ಗೋಡೆಯ ಉಲ್ಲೇಖವನ್ನು ಪ್ರಕಾಶಕರು 2020ರ ತಿದ್ದುಪಡಿಯಲ್ಲಿ ಸದ್ದಿಲ್ಲದೆ ತೆಗೆದುಹಾಕಿದರು. ಗೋಡೆಯನ್ನು ಅಳಿಸುವುದು ಸುಲಭ. ಅದು ಎತ್ತಿದ ಪ್ರಶ್ನೆಗೆ ಉತ್ತರ ಕೊಡುವ ಶ್ರಮವನ್ನು ಮಾತ್ರ ಆ ತಿದ್ದುಪಡಿ ತೆಗೆದುಕೊಳ್ಳಲಿಲ್ಲ.

ಆ ಶ್ರಮವನ್ನು ತೆಗೆದುಕೊಂಡ ಲೋಕಗಳೂ ಇವೆ. 1994ರಲ್ಲಿ ಬಂದ ಪ್ಲೇನ್‌ಸ್ಕೇಪ್‌ನಲ್ಲಿ ಅಥಾರ್ ಎಂಬ ಪಂಗಡವಿದೆ. ದೇವತೆಗಳೆನಿಸಿಕೊಂಡವರು ಇರುವುದು ನಿಜ, ಅವರು ಬಲಶಾಲಿಗಳೆಂಬುದೂ ನಿಜ, ಆದರೆ ಹುಟ್ಟು ಸಾವುಗಳಿಗೆ ಒಳಗಾಗುವ ಅವರು ಪರಮಾರ್ಥದಲ್ಲಿ ದೇವರಲ್ಲ ಎಂಬುದು ಆ ಪಂಗಡದ ಸಿದ್ಧಾಂತ, ಸತ್ತ ದೇವತೆಯೊಬ್ಬನ ಪಾಳುಗುಡಿಯೇ ಅದರ ಕೇಂದ್ರಸ್ಥಾನ. ಪಾಥ್‌ಫೈಂಡರ್ ಆಟದ ಗೊಲಾರಿಯನ್ ಲೋಕದಲ್ಲಿ, ಪಂಥಗಳ ನಡುವಿನ ದೀರ್ಘ ಯುದ್ಧದಿಂದ ಬೇಸತ್ತ ರಹಾದೂಮ್ ಎಂಬ ದೇಶ ಎಲ್ಲ ಪೂಜೆಯನ್ನೂ ಕಾನೂನಿನಿಂದ ನಿಷೇಧಿಸಿದೆ. ದೈವಿಕ ಚಿಕಿತ್ಸೆ ಇಲ್ಲದ ಕಾರಣ ಅಲ್ಲಿ ರೋಗಗಳು ಕಾಡುತ್ತವೆ, ಮರುಭೂಮಿ ಹಬ್ಬುತ್ತದೆ. ಗುಪ್ತವಾಗಿ ಪೂಜಿಸುವವರನ್ನು ಹುಡುಕಿ ಹಿಡಿಯಲು ಒಂದು ಪಡೆಯೇ ಇದೆ. ಅಪನಂಬಿಕೆಗೂ ಬೆಲೆ ತೆರಬೇಕು, ಅಧಿಕಾರ ಸಿಕ್ಕಿದರೆ ಅದೂ ದಬ್ಬಾಳಿಕೆಯಾಗಬಲ್ಲದು ಎಂದು ತೋರಿಸಿದ್ದರಿಂದ ರಹಾದೂಮ್ ಮಾದರಿಯೂ ಹೌದು, ಎಚ್ಚರಿಕೆಯೂ ಹೌದು. ಕೀತ್ ಬೇಕರ್ ರೂಪಿಸಿ 2004ರಲ್ಲಿ ಪ್ರಕಟವಾದ ಎಬರಾನ್ ಇದಕ್ಕೆ ಬೇರೆಯದೇ ಪರಿಹಾರ ಕಂಡುಕೊಂಡಿತು. ಅಲ್ಲಿ ದೇವತೆಗಳು ಭೂಮಿಗಿಳಿದು ಓಡಾಡುವುದಿಲ್ಲ, ಅರ್ಚಕನ ಶಕ್ತಿ ಅವನ ಶ್ರದ್ಧೆಯಿಂದ ಬರುತ್ತದೆಯೋ ದೇವರಿಂದ ಬರುತ್ತದೆಯೋ ಎಂಬುದು ಇತ್ಯರ್ಥವಾಗಿಲ್ಲ, ಭ್ರಷ್ಟನಾದ ಅರ್ಚಕನ ಮಂತ್ರವೂ ಫಲಿಸುತ್ತಲೇ ಇರಬಹುದು. ಸಂದೇಹಕ್ಕೆ ಜಾಗ ಮರಳಿದ್ದರಿಂದ ಅಲ್ಲಿ ನಂಬುವವನ ನಂಬಿಕೆಗೂ ಅರ್ಥ ಮರಳಿತು.

ಗ್ರೆಗ್ ಸ್ಟಾಫರ್ಡ್ ಅವರ ಗ್ಲೊರಾಂಥಾ ಲೋಕದಲ್ಲಿ ಬರುವ ಬ್ರಿಥಿನಿಗಳನ್ನು ಪ್ರತ್ಯೇಕವಾಗಿ ಗಮನಿಸಬೇಕು. ದೇವತೆಗಳು ಎಲ್ಲೆಲ್ಲೂ ಇರುವ ಆ ಲೋಕದಲ್ಲಿ ಈ ಜನ ಯಾರನ್ನೂ ಪೂಜಿಸುವುದಿಲ್ಲ. ನಾಲ್ಕು ವರ್ಣಗಳಾಗಿ ಹಂಚಿಹೋದ ಅವರು ತಂತಮ್ಮ ವರ್ಣದ ಕಟ್ಟಳೆಯನ್ನು ಎಳ್ಳಷ್ಟೂ ಮೀರದೆ ಪಾಲಿಸುವವರೆಗೆ ಮುಪ್ಪಿಲ್ಲದೆ ಬದುಕುತ್ತಾರೆ, ಮೀರಿದರೆ ಮುಪ್ಪು ಬರುತ್ತದೆ. ನಿರೀಶ್ವರತೆಯು ಬಿಡುಗಡೆಯನ್ನೇ ತರಬೇಕೆಂದಿಲ್ಲ, ದೇವರಿಲ್ಲದ ವಿಧಿ ದೇವರಿಗಿಂತ ಬಿಗಿಯಾಗಿರಬಲ್ಲದು ಎಂಬ ಈ ಕಲ್ಪನೆ ಭಾರತೀಯ ಓದುಗರಿಗೆ ಪೂರ್ವಮೀಮಾಂಸೆಯನ್ನು ನೆನಪಿಸದೆ ಇರದು.

ಈ ಬಳಗಕ್ಕೆ ನೆರವಾಗಬಲ್ಲ ಸಾಮಗ್ರಿ ಮನೆಯ ಹತ್ತಿರವೇ ಇರುವುದು ಇಲ್ಲಿಂದ ಸ್ಪಷ್ಟವಾಗುತ್ತದೆ. ಪೂರ್ವಮೀಮಾಂಸೆಗೆ ಮೂಲವಾದ ಜೈಮಿನಿಯ ಸೂತ್ರಗಳಿಗೆ ಭಾಷ್ಯ ಬರೆದ ಶಬರನ ಪ್ರಕಾರ ದೇವತೆಗೆ ಶರೀರವಿಲ್ಲ, ಅದು ಬಂದು ಹವಿಸ್ಸನ್ನು ಉಣ್ಣುವುದಿಲ್ಲ, ಒಲಿದು ಫಲ ಕೊಡುವುದೂ ಇಲ್ಲ. ಫಲ ಬರುವುದು ಕರ್ಮದಿಂದ, ಕರ್ಮ ಮುಗಿದ ಮೇಲೆ ಫಲ ದೊರೆಯುವವರೆಗೆ ಉಳಿಯುವ ಅಪೂರ್ವ ಎಂಬ ಕಾಣದ ಶಕ್ತಿಯ ಮೂಲಕ. ಯಜ್ಞವನ್ನೇ ಬಾಳಿನ ಕೇಂದ್ರವಾಗಿಸಿಕೊಂಡವರು ಹೀಗೆ ವಾದಿಸಿಯೂ, ವೇದದ ಪ್ರಾಮಾಣ್ಯವನ್ನು ಒಪ್ಪಿದ್ದರಿಂದ, ಆಸ್ತಿಕರಾಗಿಯೇ ಉಳಿದರು. ದೇವರ ಹಂಗಿಲ್ಲದೆ ಮಂತ್ರದ ಕರಾರುವಾಕ್ಕಾದ ಪ್ರಯೋಗದಿಂದಲೇ ಶಕ್ತಿ ಪಡೆಯುವ ಕ್ಲೆರಿಕ್ ಒಬ್ಬನನ್ನು ರೂಪಿಸಲು ಇದಕ್ಕಿಂತ ಸಿದ್ಧವಾದ ಚೌಕಟ್ಟು ಸಿಗಲಾರದು. ಲೋಕಾಯತರಾದರೋ, ಅಂದರೆ ಚಾರ್ವಾಕರು, ಪ್ರತ್ಯಕ್ಷವನ್ನೇ ಪ್ರಮಾಣವೆಂದವರು. ದೇವತೆ ಬೀದಿಯಲ್ಲಿ ನಡೆದುಹೋಗುವ, ಸತ್ತವರನ್ನು ಮಂತ್ರದಿಂದ ಎಬ್ಬಿಸಿ ಮಾತನಾಡಿಸಬಹುದಾದ ಲೋಕದಲ್ಲಿ ಚಾರ್ವಾಕನೊಬ್ಬ ಹುಟ್ಟಿದರೆ ತನ್ನ ತತ್ತ್ವಕ್ಕೆ ನಿಷ್ಠನಾಗಿಯೇ ಅವೆರಡನ್ನೂ ಒಪ್ಪಿಕೊಂಡಾನು. ಆದರೆ ಅರ್ಚಕನ ತಟ್ಟೆಗೆ ಯಾಕೆ ಕಾಸು ಹಾಕಬೇಕೆಂದು ಕೇಳುವುದನ್ನು ಬಿಡಲಾರ.

ಜೈನದರ್ಶನ ಇನ್ನೂ ಸೂಕ್ಷ್ಮವಾದ ನಿದರ್ಶನ. ಅದರಲ್ಲಿ ಸ್ವರ್ಗಗಳಿವೆ, ಇಂದ್ರರಿದ್ದಾರೆ, ಯಕ್ಷ ಯಕ್ಷಿಯರಿದ್ದಾರೆ. ಆದರೆ ಸೃಷ್ಟಿಕರ್ತನಿಲ್ಲ, ದೇವತೆಗಳೂ ಆಯಸ್ಸು ತೀರಿದಾಗ ಸತ್ತು ಮರುಹುಟ್ಟು ಪಡೆಯುವ ಸಂಸಾರಿಗಳೇ, ಮೋಕ್ಷ ಬೇಕಾದರೆ ಅವರೂ ಮನುಷ್ಯಜನ್ಮಕ್ಕೆ ಬರಬೇಕು. ಹೊಂಬುಜದ ಪದ್ಮಾವತಿಗೂ ನರಸಿಂಹರಾಜಪುರದ ಜ್ವಾಲಾಮಾಲಿನಿಗೂ ಭಕ್ತರು ಲೌಕಿಕ ಕಷ್ಟಗಳಿಗಾಗಿ ಹರಕೆ ಹೊರುತ್ತಾರೆ, ಆದರೆ ಮುಕ್ತಿಯ ವಿಷಯದಲ್ಲಿ ವರ ಕೊಡದ, ಶಾಪವನ್ನೂ ಕೊಡದ ಜಿನನೇ ಆದರ್ಶ. ಶಕ್ತಿಗೂ ಪೂಜ್ಯತೆಗೂ ಇರುವ ಅಂತರವನ್ನು ಇಷ್ಟು ಸಹಜವಾಗಿ ಬಾಳುತ್ತಿರುವ ಪರಂಪರೆ ಕರ್ನಾಟಕದಲ್ಲೇ ಇರುವಾಗ, ದೇವತೆಗಳಿರುವ ಲೋಕದಲ್ಲಿ ನಿರೀಶ್ವರವಾದ ಅಸಂಗತವೆಂಬ ಮಾತು ಕನ್ನಡದ ಗೇಮ್ ಮಾಸ್ಟರ್‌ಗಳಿಂದ ಬರಬಾರದು. ಹೊಯ್ಸಳರ ಕಾಲದ ಜನ್ನ 1209ರಲ್ಲಿ ಬರೆದ ‘ಯಶೋಧರ ಚರಿತೆ’ಯನ್ನು ಒಂದು ಕ್ಯಾಂಪೇನಿನಂತೆ, ಅಂದರೆ ಹಲವು ಬೈಠಕ್ಕುಗಳಲ್ಲಿ ಮುಂದುವರಿಯುವ ಆಟದ ಕಥೆಯಂತೆ, ಓದಿ ನೋಡಬಹುದು. ತಾಯಿಯ ಒತ್ತಾಯಕ್ಕೆ ಮಣಿದ ಅರಸ ದೇವಿಗೆ ನಿಜವಾದ ಕೋಳಿಯ ಬದಲು ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ಕೊಲ್ಲುವ ಸಂಕಲ್ಪವಷ್ಟಕ್ಕೇ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ನರಳುತ್ತಾರೆ. ಅಲ್ಲಿ ಕೆಲಸ ಮಾಡುವ ನೀತಿಯ ನಿಯಮ ದೇವಿಯ ಒಪ್ಪಿಗೆಗೆ ಕಾಯುವುದಿಲ್ಲ, ಬಲಿ ಸಂದಿತೆಂಬ ಕಾರಣಕ್ಕೆ ಬಲಿಕೊಟ್ಟವನನ್ನು ಕಾಯುವುದೂ ಇಲ್ಲ.

ಈ ಪತ್ರದ ವಾದಕ್ಕೆ ಬರಬಹುದಾದ ಆಕ್ಷೇಪಗಳು ಎರಡು. ಆಟದಲ್ಲಿ ಕ್ಲೆರಿಕ್ ಬೇಕೇ ಬೇಕು, ದೇವತೆಯನ್ನು ಪ್ರಶ್ನಿಸುವ ಆಟಗಾರ ಪ್ರತಿ ಗುಡಿಯ ಮುಂದೆಯೂ ವಾದಕ್ಕೆ ನಿಂತು ಉಳಿದವರ ಸಂಜೆಯನ್ನು ಕೆಡಿಸುತ್ತಾನೆ ಎಂಬುದು ಮೊದಲನೆಯದು. ಹಾಗೆ ಕೆಡಿಸುವವರು ಇದ್ದಾರೆ. ಆದರೆ ಲೋಕದೊಳಗೆ ಅಪನಂಬಿಕೆಗೆ ಒಂದು ಶಾಲೆ, ಗುರು, ಗ್ರಂಥ, ಆಚಾರ ಯಾವುದೂ ಇಲ್ಲದಿದ್ದಾಗ ಆಟಗಾರನು ತನ್ನ ಇಪ್ಪತ್ತೊಂದನೆಯ ಶತಮಾನದ ವಾದಗಳನ್ನೇ ಹೊತ್ತು ತರುತ್ತಾನೆ ಎಂಬುದನ್ನೂ ಗಮನಿಸಬೇಕು. ಆಸ್ತಿಕ ಆಟಗಾರರಿಗೆ ಇದರಿಂದ ನೋವಾಗಬಹುದು ಎಂಬುದು ಎರಡನೆಯದು. ನೋವಾಗುವುದು ಹೆಚ್ಚಾಗಿ ನಿಜವಾದ ಧರ್ಮವೊಂದನ್ನು ಹೆಸರು ಬದಲಿಸಿ ಮೇಜಿಗೆ ತಂದು ಗೇಲಿ ಮಾಡಿದಾಗ, ಅಥವಾ ಪೂಜೆಯಲ್ಲಿರುವ ದೇವತೆಗೆ ಅಂಕಿ ಹಾಕಿ ಕತ್ತಿಗೆ ಗುರಿ ಮಾಡಿದಾಗ. ಅವೆರಡನ್ನೂ ಬಿಡುವುದು ಸೌಜನ್ಯಕ್ಕೆ ಸೇರಿದ ವಿಷಯ, ನಿರೀಶ್ವರವಾದಕ್ಕೆ ಸಂಬಂಧಿಸಿದ್ದಲ್ಲ. ಹಾಗೆ ನೋಡಿದರೆ ಭಕ್ತನ ಪಾತ್ರಕ್ಕೆ ಹೆಚ್ಚು ಅನ್ಯಾಯ ಮಾಡಿರುವುದು ಸಾಬೀತಾದ ದೇವರೇ, ಏಕೆಂದರೆ ಪೂಜೆಗೆ ಪ್ರತಿಯಾಗಿ ಮಂತ್ರ ಸಿಗುವುದು ಖಚಿತವಾದಲ್ಲಿ ಭಕ್ತಿಗೂ ವ್ಯವಹಾರಕ್ಕೂ ವ್ಯತ್ಯಾಸ ಉಳಿಯುವುದಿಲ್ಲ.

ಆದ್ದರಿಂದ ಈ ಬಳಗದ ಮುಂದೆ ಇಡಬೇಕಾದ ಕೋರಿಕೆ ಸರಳವಾದುದು. ಈ ಆಟಗಳ ಅನೇಕ ಪಾತ್ರಪತ್ರಗಳಲ್ಲಿ, ಅಂದರೆ ಆಟಗಾರ ತನ್ನ ಪಾತ್ರದ ವಿವರ ತುಂಬುವ ಹಾಳೆಯಲ್ಲಿ, ದೇವತೆ ಎಂಬ ಕಾಲಂ ಒಂದಿದೆ. ಅದನ್ನು ಖಾಲಿ ಬಿಡುವವರಿಗೆ ದಂಡವಾಗಲಿ ಗೋಡೆಯಾಗಲಿ ಇಲ್ಲದಿರಲಿ. ಅಷ್ಟೇ ಮುಖ್ಯವಾಗಿ, ಖಾಲಿ ಬಿಟ್ಟವರು ಆ ಲೋಕದಲ್ಲಿ ಹೇಗೆ ಬದುಕುತ್ತಾರೆ ಎಂಬುದಕ್ಕೆ ಲೋಕ ಕಟ್ಟಿದವರ ಬಳಿ ಉತ್ತರವಿರಲಿ. ನ್ಯಾಯಾಲಯದಲ್ಲಿ ಅವರು ಯಾರ ಹೆಸರಿನಲ್ಲಿ ಪ್ರಮಾಣ ಮಾಡುತ್ತಾರೆ, ಅವರ ಮದುವೆಗೆ ಸಾಕ್ಷಿ ಯಾರು, ಜ್ವರ ಬಂದಾಗ ಗುಡಿಯ ಬಾಗಿಲು ತಟ್ಟಲೊಲ್ಲದವರು ಯಾವ ವೈದ್ಯನ ಬಳಿ ಹೋಗುತ್ತಾರೆ, ಸತ್ತರೆ ಹೆಣ ಎತ್ತುವವರು ಯಾರು ಎಂದು ಬರೆದಿಡಲು ಎರಡು ಪುಟ ಸಾಕು. ಆ ಎರಡು ಪುಟ ಬರೆದ ಮೇಲೆ ಗುಡಿಗೆ ಹೋಗುವವರ ಬಗ್ಗೆಯೂ ಹೊಸದಾಗಿ ಬರೆಯಬೇಕಾಗಿ ಬರುತ್ತದೆ, ಏಕೆಂದರೆ ಹೋಗದೆ ಇರಬಹುದಾದ ಊರಿನಲ್ಲಿ ಹೋದವರಿಗೆ ಮಾತ್ರ ಹೋದದ್ದಕ್ಕೆ ಒಂದು ಕಾರಣವಿರುತ್ತದೆ.

ಇತಿ,
ಆಟಗಾರರ ಸಾಲಿನಿಂದ ಒಬ್ಬ ಹಿತೈಷಿ